ಗ್ಯಾಸಿಫೈಯರ್‌ನಲ್ಲಿ ಬೂದಿ ಕರಗುವ ಲೆಕ್ಕ: ಎರಡು ಕಲ್ಲಿದ್ದಲು ಅರ್ಧ ಅರ್ಧ ಬೆರೆಸಿದರೂ ಯಾಕೆ ಹರಿಯುತ್ತಿಲ್ಲ?

ಸುರತ್ಕಲ್ ಸ್ಟೂಡೆಂಟ್:

ಎಲ್ಲರಿಗೂ ನಮಸ್ಕಾರ. ನಾನು ಸುರತ್ಕಲ್ ಕಡೆ ಕೆಮಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್ ಕಲ್ಲಿದ್ದಲು ಗ್ಯಾಸಿಫಿಕೇಶನ್, ಅಂದರೆ ಕಲ್ಲಿದ್ದಲನ್ನು ಉರಿಯುವ ಗ್ಯಾಸ್ ಮಾಡುವುದರ ಮೇಲೆ. ಅದರಲ್ಲೂ ಕರಗಿದ ಬೂದಿ, ಅಂದರೆ ಸ್ಲ್ಯಾಗ್, ರಿಯಾಕ್ಟರ್ ಒಳಗೆ ಹೇಗೆ ಹರಿಯುತ್ತದೆ ಎಂಬುದನ್ನು ನೋಡಬೇಕು.

ನನ್ನ ಹತ್ತಿರ ಎರಡು ಸ್ಯಾಂಪಲ್ ಉಂಟು. ಒಂದು ಒಡಿಶಾ ಕಡೆಯದು, ಬೂದಿ 38 ಪರ್ಸೆಂಟ್. ಇನ್ನೊಂದು ಇಲ್ಲಿ ಬಂದರಿಗೆ ಬರುವ ಇಂಡೋನೇಷ್ಯಾದ ಕಲ್ಲಿದ್ದಲು, ಬೂದಿ ಬರೀ 5 ಪರ್ಸೆಂಟ್. ಬೂದಿಯನ್ನು ಸಣ್ಣ ಕೋನ್ ಮಾಡಿ ಫರ್ನೇಸ್‌ನಲ್ಲಿ ಇಟ್ಟು ನೋಡಿದೆವು. ಒಡಿಶಾದ್ದು 1500 ಡಿಗ್ರಿಯಲ್ಲೂ ತುದಿ ಸ್ವಲ್ಪ ದುಂಡಗಾಯಿತು ಅಷ್ಟೆ, ಹರಿಯಲಿಲ್ಲ. ಇಂಡೋನೇಷ್ಯಾದ್ದು 1220ಕ್ಕೇ ಕರಗಿ ತಟ್ಟೆಯ ಮೇಲೆ ಹರಡಿತು. ಆಮೇಲೆ ಎರಡೂ ಕಲ್ಲಿದ್ದಲನ್ನು ಸಮ ತೂಕದಲ್ಲಿ ಬೆರೆಸಿ, ಸುಟ್ಟು, ಆ ಬೂದಿಯನ್ನು ಇಟ್ಟೆವು. ಸರಾಸರಿ ಹಾಕಿದರೆ 1360 ಬರಬೇಕು, ಅಲ್ವಾ? ಆದರೆ ಅದು ಹರಿಯಲು 1450 ದಾಟಬೇಕಾಯಿತು. ಟೆಸ್ಟ್ ಸರಿ ಉಂಟು, ಇನ್ನೊಮ್ಮೆ ಮಾಡಿದರೂ ಅಲ್ಲೇ ಬಂತು.

ನನ್ನ ಪ್ರಶ್ನೆ ಮೂರು. ಸರಾಸರಿ ಯಾಕೆ ಬರುವುದಿಲ್ಲ? ಬಾಯ್ಲರ್‌ನವರು ಬೂದಿ ಕರಗಲೇಬಾರದು ಅಂತಾರೆ, ಗ್ಯಾಸಿಫೈಯರ್‌ನವರು ಕರಗಲೇಬೇಕು ಅಂತಾರೆ, ಇದೇನು ವ್ಯತ್ಯಾಸ? ಕೋನ್ 1450ಕ್ಕೆ ಹರಿಯಿತು ಅಂದರೆ ರಿಯಾಕ್ಟರನ್ನು 1475ರಲ್ಲಿ ಓಡಿಸಿದರೆ ಸಾಕಾ? ಪುಸ್ತಕಗಳಲ್ಲಿ ಸೂತ್ರ ಬೇಕಾದಷ್ಟಿದೆ, ಕೆಲಸ ಮಾಡಿದವರು ಹೇಳಿದರೆ ಚೆನ್ನಾಗಿ ಅರ್ಥವಾಗುತ್ತದೆ.

ಪಡುಬಿದ್ರಿ ಬಾಯ್ಲರ್:

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ, ಉಳಿದದ್ದು ಗೊತ್ತಿದ್ದವರು ಹೇಳಲಿ.

ಬಾಯ್ಲರ್‌ನಲ್ಲಿ ಕಲ್ಲಿದ್ದಲನ್ನು ಹಿಟ್ಟಿನ ಹಾಗೆ ಅರೆದು ಊದುತ್ತೇವೆ. ಉರಿಯ ಮಧ್ಯದಲ್ಲಿ ಬೂದಿ ಕರಗುತ್ತದೆ, ಅದನ್ನು ಯಾರೂ ತಡೆಯಲು ಆಗುವುದಿಲ್ಲ. ಆದರೆ ಮೇಲಿನ ಸೂಪರ್‌ಹೀಟರ್ ಟ್ಯೂಬಿಗೆ ಬಡಿಯುವ ಮೊದಲು ಅದು ಗಟ್ಟಿಯಾಗಿರಬೇಕು. ಗಟ್ಟಿಯಾಗಿದ್ದರೆ ಧೂಳಿನ ಹಾಗೆ ಹಾರಿ ಇಎಸ್‌ಪಿಗೆ, ಅಂದರೆ ಹೊಗೆಯಿಂದ ಧೂಳು ಹಿಡಿಯುವ ಯಂತ್ರಕ್ಕೆ ಹೋಗುತ್ತದೆ. ಒಟ್ಟು ಬೂದಿಯಲ್ಲಿ ಸುಮಾರು 80 ಪರ್ಸೆಂಟ್ ಹಾಗೆಯೇ ಹಾರುಬೂದಿಯಾಗಿ ಹೋಗುವುದು, ಉಳಿದದ್ದು ಕೆಳಗೆ ಬೀಳುವುದು. ಅಂಟಂಟಾಗಿ ಬಡಿದರೆ ಟ್ಯೂಬಿನ ಮೇಲೆ ಪದರ ಕಟ್ಟುತ್ತದೆ, ಶಾಖ ನೀರಿಗೆ ಇಳಿಯುವುದಿಲ್ಲ, ಒಳಗಿನ ಬಿಸಿ ಇನ್ನೂ ಏರುತ್ತದೆ, ಇನ್ನೂ ಜಾಸ್ತಿ ಅಂಟುತ್ತದೆ. ಸೂಟ್‌ಬ್ಲೋವರ್ ಹಬೆ ಹೊಡೆದರೂ ಜಗ್ಗದ ಕ್ಲಿಂಕರ್ ಆಗಿ ಕೂರುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ಅಂಥದ್ದೊಂದು ಗಡ್ಡೆ ಮೇಲಿನಿಂದ ಕಳಚಿ ಬಿದ್ದು ತಳದ ಹಾಪರ್ ಟ್ಯೂಬ್ ಒಡೆದು ಯೂನಿಟ್ಟೇ ನಿಂತಿತ್ತು.

ಇಂಡೋನೇಷ್ಯಾ ಕಲ್ಲಿದ್ದಲು ಅಂದರೆ ಬೂದಿ ಕಡಿಮೆ, ಆರಾಮ ಅಂತ ಹೊರಗಿನವರು ತಿಳಿಯುತ್ತಾರೆ. ಬೂದಿ ಕಡಿಮೆಯೇ, ಆದರೆ ಆ ಬೂದಿಯಲ್ಲಿ ಕಬ್ಬಿಣ ಮತ್ತು ಸುಣ್ಣ ಜಾಸ್ತಿ ಇರುವುದರಿಂದ ಬೇಗ ಕರಗುತ್ತದೆ. ನಿಮ್ಮ 1220 ನನಗೆ ಆಶ್ಚರ್ಯ ಅಲ್ಲ. ಬರ್ನರ್ ಪಕ್ಕದಲ್ಲಿ ಎಲ್ಲಾದರೂ ಗಾಳಿ ಕಡಿಮೆಯಾದರೆ ಅಲ್ಲಿ ಇನ್ನೂ ಬೇಗ.

ಕುಳಾಯಿ ಕೆಮಿಕಲ್:

ಪಡುಬಿದ್ರಿಯವರು ಕೊನೆಯಲ್ಲಿ ಹೇಳಿದ ಆ ಗಾಳಿ ಕಡಿಮೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಗ್ಯಾಸಿಫೈಯರ್ ಅಂದರೆ ಪೂರ್ತಿ ಅದೇ ಸ್ಥಿತಿ. ಕಲ್ಲಿದ್ದಲು ಪೂರಾ ಉರಿಯುವಷ್ಟು ಆಕ್ಸಿಜನ್ ಕೊಡುವುದೇ ಇಲ್ಲ. ಸುತ್ತ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್. ಇಂಥ ಕಡೆ ಬೂದಿಯಲ್ಲಿರುವ ಫೆರಿಕ್ ಕಬ್ಬಿಣ (ಆಕ್ಸಿಜನ್ ಜಾಸ್ತಿ ಇರುವ ರೂಪ) ಫೆರಸ್ (ಆಕ್ಸಿಜನ್ ಕಡಿಮೆ ಇರುವ ರೂಪ) ಆಗುತ್ತದೆ. ಫೆರಿಕ್ ರೂಪ ಕರಗಿಸಲು ಅಷ್ಟೇನೂ ಸಹಾಯ ಮಾಡುವುದಿಲ್ಲ. ಫೆರಸ್ ಆದ ಕೂಡಲೇ ಸಿಲಿಕಾ ಜೊತೆ ಸೇರಿ ಫಯಲೈಟ್ ಎಂಬ ಖನಿಜ ಆಗುತ್ತದೆ, ಅದು ಕರಗುವುದು 1205 ಡಿಗ್ರಿಗೆ. ಅದಕ್ಕೇ ಕೋನ್ ಟೆಸ್ಟನ್ನು ಗಾಳಿಯಲ್ಲಿ ಮಾಡಿದ್ದರೆ ಆ ನಂಬರ್ ಗ್ಯಾಸಿಫೈಯರ್‌ಗೆ ಬಳಸಬೇಡಿ. 60 ಪಾಲು ಕಾರ್ಬನ್ ಮೊನಾಕ್ಸೈಡ್, 40 ಪಾಲು ಕಾರ್ಬನ್ ಡೈಆಕ್ಸೈಡ್ ಬಿಟ್ಟು ಮಾಡಿದ್ದರೆ ಮಾತ್ರ ಹತ್ತಿರ.

ಈಗ ಸರಾಸರಿ ವಿಷಯ. ನೀವು ಬೆರೆಸಿದ್ದು ಕಲ್ಲಿದ್ದಲು. ಕರಗುವುದು ಬೂದಿ. ತಲಾ 50 ಕೆ.ಜಿ. ತೆಗೆದುಕೊಂಡರೆ ಒಡಿಶಾದ್ದರಿಂದ 19 ಕೆ.ಜಿ. ಬೂದಿ ಬರುತ್ತದೆ, ಇಂಡೋನೇಷ್ಯಾದ್ದರಿಂದ ಎರಡೂವರೆ ಕೆ.ಜಿ. ಅಂದರೆ ನಿಮ್ಮ ಮಿಶ್ರಣದ ಬೂದಿಯಲ್ಲಿ 88 ಪರ್ಸೆಂಟ್ ಒಡಿಶಾದ್ದೇ. ಇಂಡೋನೇಷ್ಯಾ ಬೂದಿಯಲ್ಲಿ ಸುಣ್ಣ 15 ಪರ್ಸೆಂಟ್, ಒಡಿಶಾದ್ದರಲ್ಲಿ 2 ಪರ್ಸೆಂಟ್ ಅಂತ ಹಿಡಿದರೂ ಮಿಶ್ರಣದಲ್ಲಿ ಸುಣ್ಣ ಮೂರೂವರೆ ಪರ್ಸೆಂಟ್ ದಾಟುವುದಿಲ್ಲ. ಹಾಗಿರುವಾಗ 1360ಕ್ಕೆ ಅದು ಹೇಗೆ ಹರಿಯಬೇಕು? ಇನ್ನೊಂದು, ಬೂದಿಯ ತೂಕವನ್ನೇ ಲೆಕ್ಕಕ್ಕೆ ತೆಗೆದುಕೊಂಡರೂ ಕರಗುವ ಬಿಸಿ ಸರಳ ರೇಖೆಯಲ್ಲಿ ಇಳಿಯುವುದಿಲ್ಲ. ಶುದ್ಧ ಸಿಲಿಕಾ ಕರಗುವುದು 1700 ದಾಟಿದ ಮೇಲೆ. ಅಲ್ಯೂಮಿನಾ 2000 ದಾಟಿದ ಮೇಲೆ. ಸುಣ್ಣ ಇನ್ನೂ ಮೇಲೆ. ಆದರೆ ಮೂರನ್ನೂ ಒಂದು ಹದದಲ್ಲಿ ಸೇರಿಸಿದರೆ 1170 ಡಿಗ್ರಿಗೇ ದ್ರವ ಶುರುವಾಗುತ್ತದೆ. ಹದ ತಪ್ಪಿದರೆ ಮತ್ತೆ ಮೇಲೆ ಹೋಗುತ್ತದೆ. ಹಾಗಾಗಿ ಮೊದಲು ಬೂದಿಯ ಆಕ್ಸೈಡ್ ಅನಾಲಿಸಿಸ್ ಮಾಡಿಸಿ. ಸಿಲಿಕಾ, ಅಲ್ಯೂಮಿನಾ ಒಂದು ಕಡೆ. ಕಬ್ಬಿಣ, ಸುಣ್ಣ, ಮೆಗ್ನೀಷಿಯಾ, ಸೋಡಾ, ಪೊಟ್ಯಾಶ್ ಇನ್ನೊಂದು ಕಡೆ. ಮೊದಲಿನವು ಉದ್ದುದ್ದ ಜಾಲ ಕಟ್ಟಿ ಕರಗಿದ್ದನ್ನು ಮಂದ ಮಾಡುತ್ತವೆ, ಎರಡನೆಯವು ಆ ಜಾಲವನ್ನು ತುಂಡು ಮಾಡುತ್ತವೆ. ಅಲ್ಯೂಮಿನಾ ಎರಡೂ ಕಡೆ ಆಡುತ್ತದೆ, ಅದು ಬೇರೆಯೇ ಕಥೆ.

ಮೂರನೇ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ, ಇದರಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಕೋನ್ ಬಾಗಿತು, ಕೋನ್ ಹರಡಿತು ಎನ್ನುವುದು ಬೂದಿ ಮೆತ್ತಗಾದ ಸುದ್ದಿ ಮಾತ್ರ. ಅದು ಗೋಡೆಯ ಮೇಲೆ ಇಳಿದು ತಳದ ತೂತಿನಿಂದ ಬಿಡದೆ ಹೊರಗೆ ಬೀಳುತ್ತದಾ ಎನ್ನುವುದಕ್ಕೆ ವಿಸ್ಕಾಸಿಟಿ, ಅಂದರೆ ದ್ರವ ಎಷ್ಟು ಮಂದ ಎನ್ನುವ ಅಳತೆ ಬೇಕು. ನಮ್ಮಲ್ಲಿ ನೋಡುತ್ತಿದ್ದುದು 25 ಪಾಸ್ಕಲ್ ಸೆಕೆಂಡ್, ಹಳೆಯ ಲೆಕ್ಕದಲ್ಲಿ 250 ಪಾಯ್ಸ್. ಆ ವಿಸ್ಕಾಸಿಟಿ ಬರುವ ಬಿಸಿಗೆ ಟಿ 250 ಅಂತಾರೆ. ಸ್ಲ್ಯಾಗ್ ಹೊರಬೀಳುವ ತೂತಿನ ಹತ್ತಿರ ಅದಕ್ಕಿಂತ ಬಿಸಿ ಇರಲೇಬೇಕು. ಕೋನ್ ಹರಿದ ಬಿಸಿಗಿಂತ ಟಿ 250 ನೂರು ಡಿಗ್ರಿ ಮೇಲೆ ಇರುವ ಬೂದಿಯೂ ಉಂಟು, ಸಿಲಿಕಾ ಜಾಸ್ತಿ ಇದ್ದರೆ ಹಾಗಾಗುತ್ತದೆ.

ಅದರ ಮೇಲೆ ಇನ್ನೊಂದು ಅಪಾಯ. ಕೆಲವು ಸ್ಲ್ಯಾಗ್ ಗಾಜಿನ ಜಾತಿ, ಬಿಸಿ ಇಳಿದಂತೆ ನಿಧಾನಕ್ಕೆ ಮಂದವಾಗುತ್ತದೆ, ನಮಗೆ ಸರಿಮಾಡಲು ಸಮಯ ಸಿಗುತ್ತದೆ. ಇನ್ನು ಕೆಲವು ಒಂದು ಹಂತದವರೆಗೆ ಚೆನ್ನಾಗಿ ಹರಿಯುತ್ತಾ ಇರುತ್ತದೆ, ಅಲ್ಲಿಂದ ಸ್ವಲ್ಪವೇ ತಣ್ಣಗಾದರೂ ಒಳಗೆ ಹರಳು ಹುಟ್ಟಿ ಒಮ್ಮೆಲೇ ಹಿಡಿದುಬಿಡುತ್ತದೆ. ಆ ಹಂತಕ್ಕೆ ಕ್ರಿಟಿಕಲ್ ವಿಸ್ಕಾಸಿಟಿಯ ಟೆಂಪರೇಚರ್ ಅಂತ ಹೆಸರು. ಸುಣ್ಣ, ಕಬ್ಬಿಣ ಜಾಸ್ತಿಯಾದ ಸ್ಲ್ಯಾಗ್ ಸಾಮಾನ್ಯವಾಗಿ ಈ ಎರಡನೇ ಜಾತಿ. ಇದರಲ್ಲಿ ಓಡಿಸುವಾಗ ಆ ಬಿಸಿಗಿಂತ ಸಾಕಷ್ಟು ಮೇಲೆಯೇ ಇರಬೇಕು, ಇಲ್ಲದಿದ್ದರೆ ಒಂದು ಸಣ್ಣ ಆಕ್ಸಿಜನ್ ಏರಿಳಿತಕ್ಕೆ ತೂತು ಮುಚ್ಚುತ್ತದೆ.

ಮುಚ್ಚಿದರೆ ಏನಾಗುತ್ತದೆ ಅಂತ ಹೇಳುತ್ತೇನೆ. ಒಳಗೆ ಕಣ್ಣಿಟ್ಟು ನೋಡುವ ಹಾಗಿಲ್ಲ, 40 ಬಾರ್ ಒತ್ತಡ. ಬಿಸಿ ಅಳೆಯುವ ಥರ್ಮೋಕಪಲ್‌ಗಳು ಸ್ಲ್ಯಾಗ್‌ಗೆ ಸಿಕ್ಕಿ ಬೇಗ ಸಾಯುತ್ತವೆ. ಹಾಗಾಗಿ ಗ್ಯಾಸಿನಲ್ಲಿ ಮೀಥೇನ್ ಎಷ್ಟಿದೆ ನೋಡುತ್ತೇವೆ, ಒಳಗೆ ತಣ್ಣಗಾದರೆ ಮೀಥೇನ್ ಏರುತ್ತದೆ. ತೂತಿನ ಮೇಲೆ ಮತ್ತು ಕೆಳಗಿನ ಒತ್ತಡದ ವ್ಯತ್ಯಾಸ ನಿಧಾನಕ್ಕೆ ಹೆಚ್ಚುತ್ತದೆ. ಕೆಳಗೆ ಲಾಕ್ ಹಾಪರ್‌ನಲ್ಲಿ (ಒತ್ತಡ ಬಿಡದೆ ಸ್ಲ್ಯಾಗ್ ಹೊರತೆಗೆಯುವ ತೊಟ್ಟಿ) ಬೀಳುವ ಸ್ಲ್ಯಾಗ್ ಕಡಿಮೆಯಾಗುತ್ತದೆ. ಈ ಮೂರೂ ಒಟ್ಟಿಗೆ ಕಂಡರೆ ಪ್ಯಾನೆಲ್ ರೂಮಿನಲ್ಲಿ ಯಾರೂ ಮಾತಾಡುವುದಿಲ್ಲ. ಆಕ್ಸಿಜನ್ ಸ್ವಲ್ಪ ಏರಿಸಿ ಬಿಸಿ ಮಾಡಿ ಕರಗಿಸಲು ನೋಡುತ್ತೇವೆ. ಆಗಲಿಲ್ಲ ಅಂದರೆ ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಜನ ಒಳಗೆ ಇಳಿದು ಒಡೆಯಬೇಕು.

ಚೆನ್ನಾಗಿ ನಡೆಯುವಾಗ ಮಾತ್ರ ನೋಡಲು ಬಹಳ ಚೆಂದದ ವಸ್ತು ಅದು. ಕರಗಿದ್ದು ಕೆಳಗಿನ ನೀರಿಗೆ ಬಿದ್ದ ಕೂಡಲೇ ಸಿಡಿದು ಕಾಳು ಕಾಳಾಗುತ್ತದೆ. ಕೈಯಲ್ಲಿ ಹಿಡಿದರೆ ಕಪ್ಪು ಗಾಜು, ಹೊಳಪು, ಅಂಚು ಚರ್ಮ ಕೊಯ್ಯುವಷ್ಟು ಚೂಪು. ಬೂದಿಯಲ್ಲಿದ್ದ ಭಾರ ಲೋಹಗಳಲ್ಲಿ ಹೆಚ್ಚಿನವು ಆ ಗಾಜಿನೊಳಗೆ ಬಂದಿಯಾಗುತ್ತವೆ, ಮಳೆಗೆ ಸುಲಭದಲ್ಲಿ ತೊಳೆದು ಹೋಗುವುದಿಲ್ಲ. ಹಾರುಬೂದಿಯ ರಾಶಿಗಿಂತ ಇದು ಎಷ್ಟೋ ಮೇಲು.

ಜೆಪ್ಪು ಇಟ್ಟಿಗೆ:

ಕುಳಾಯಿಯವರು ಆಕ್ಸಿಜನ್ ಏರಿಸುವ ಮಾತು ಹೇಳಿದರು, ಅದಕ್ಕೆ ಕೊಡಬೇಕಾದ ಬೆಲೆಯನ್ನು ನಾನು ಹೇಳುತ್ತೇನೆ. ನನ್ನದು ರಿಫ್ರ್ಯಾಕ್ಟರಿ, ಅಂದರೆ ಬಿಸಿ ತಡೆಯುವ ಇಟ್ಟಿಗೆಯ ಕೆಲಸ.

ಒಳಗೋಡೆ ಎರಡು ಥರ. ಒಂದು ಇಟ್ಟಿಗೆ ಕಟ್ಟಿದ್ದು, ಕ್ರೋಮಿಯಂ ಆಕ್ಸೈಡ್ ಬಹಳ ಜಾಸ್ತಿ ಇರುವ ದುಬಾರಿ ಇಟ್ಟಿಗೆ, ಕೆಲವು ದರ್ಜೆಯಲ್ಲಿ 90 ಪರ್ಸೆಂಟ್‌ವರೆಗೂ ಇರುತ್ತದೆ. ಬಿಸಿ ಏರಿಸಿದರೆ ಸ್ಲ್ಯಾಗ್ ತೆಳ್ಳಗಾಗಿ ಇಟ್ಟಿಗೆಯ ಸಣ್ಣ ಸಣ್ಣ ರಂಧ್ರದೊಳಗೆ ಇಳಿಯುತ್ತದೆ. ಸ್ಲ್ಯಾಗ್ ಇಳಿದಷ್ಟು ಭಾಗದ ಗುಣವೇ ಬದಲಾಗುತ್ತದೆ. ಮುಂದಿನ ಸಲ ನಿಲ್ಲಿಸಿ ಶುರು ಮಾಡುವಾಗ ಆ ಪದರ ಚಕ್ಕೆ ಚಕ್ಕೆಯಾಗಿ ಕಳಚುತ್ತದೆ. ಹಾಗಾಗಿ ಇಂಥ ಇಟ್ಟಿಗೆ ಕೆಲವು ತಿಂಗಳಿಂದ ಹಿಡಿದು ಎರಡು ಮೂರು ವರ್ಷ ಬಾಳುತ್ತದೆ, ಎಲ್ಲ ಓಡಿಸುವವರ ಕೈಯಲ್ಲಿ. ಇನ್ನೊಂದು ಥರ, ನೀರು ಹರಿಯುವ ಟ್ಯೂಬ್‌ಗಳ ಗೋಡೆ, ಮೇಲೆ ತೆಳುವಾಗಿ ಸಿಲಿಕಾನ್ ಕಾರ್ಬೈಡ್ ಮೆತ್ತಿರುತ್ತಾರೆ. ಅಲ್ಲಿ ಮೊದಲು ಬಿದ್ದ ಸ್ಲ್ಯಾಗ್ ತಣ್ಣಗಾಗಿ ಗಟ್ಟಿ ಪದರವಾಗುತ್ತದೆ, ಅದರ ಮೇಲೆ ಉಳಿದದ್ದು ದ್ರವವಾಗಿ ಇಳಿಯುತ್ತದೆ. ಗೋಡೆಯನ್ನು ಸ್ಲ್ಯಾಗೇ ಕಾಯುತ್ತದೆ. ಇದು ಬಹಳ ಕಾಲ ಬಾಳುತ್ತದೆ, ಆದರೆ ಬೂದಿ ತೀರಾ ಕಡಿಮೆ ಇರುವ ಕಲ್ಲಿದ್ದಲು ಹಾಕಿದರೆ ಆ ಪದರವೇ ಸರಿಯಾಗಿ ಕಟ್ಟುವುದಿಲ್ಲ. ನಿಮ್ಮ 5 ಪರ್ಸೆಂಟ್ ಬೂದಿಯ ಇಂಡೋನೇಷ್ಯಾ ಕಲ್ಲಿದ್ದಲು ಒಂದನ್ನೇ ಹಾಕಿದರೆ ಇಲ್ಲಿ ತೊಂದರೆ. ಅದಕ್ಕೆ ಹಾರಿಹೋದ ಬೂದಿಯನ್ನು ಹಿಡಿದು ವಾಪಸ್ ಹಾಕುವ ಪದ್ಧತಿ ಉಂಟು.

ಕಬ್ಬಿಣದ ಆಟ ನಮ್ಮ ಊರಿನವರಿಗೆ ಗೊತ್ತಿಲ್ಲದ್ದೇನಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ಇಲ್ಲಿ ಜೇಡಿ ಮಣ್ಣು ಸುಟ್ಟು ಗೊತ್ತು. ಗೂಡಿನಲ್ಲಿ ಗಾಳಿ ಚೆನ್ನಾಗಿ ಆಡಿದರೆ ಹೆಂಚು ಕೆಂಪು. ಹೊಗೆ ಕಟ್ಟಿ ಗಾಳಿ ಇಲ್ಲದ ಮೂಲೆಯಲ್ಲಿ ಅದೇ ಮಣ್ಣು ಕಪ್ಪಾಗಿ, ಬಿಸಿ ಜಾಸ್ತಿಯಾದರೆ ಬಾಗಿ, ಒಂದಕ್ಕೊಂದು ಅಂಟಿ ಕೂರುತ್ತದೆ. ಒಂದೇ ಮಣ್ಣು, ಒಂದೇ ಗೂಡು. ನಿಮ್ಮ ಸ್ಲ್ಯಾಗ್ ಮಾಡುವುದೂ ಇದನ್ನೇ.

ಸುರತ್ಕಲ್ ಸ್ಟೂಡೆಂಟ್:

ತುಂಬಾ ಧನ್ಯವಾದ ಸರ್, ಎಲ್ಲರಿಗೂ. 19 ಮತ್ತು ಎರಡೂವರೆಯ ಲೆಕ್ಕ ನೋಡಿದ ಮೇಲೆ ಎಲ್ಲ ಸ್ಪಷ್ಟವಾಯಿತು. ನಮ್ಮ ಟೆಸ್ಟ್ ಮೊನಾಕ್ಸೈಡ್ ಮಿಶ್ರಣದಲ್ಲೇ ಮಾಡಿದ್ದು. ಹಾಗಾದರೆ ಒಡಿಶಾ ಕಲ್ಲಿದ್ದಲಿಗೆ ಸುಣ್ಣದ ಕಲ್ಲು ಹಾಕಿ ಕರಗಿಸಬಹುದಲ್ವಾ? ಎಷ್ಟು ಹಾಕಬೇಕು? ಇನ್ನೊಂದು, ಇಲ್ಲಿಯೇ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಪೆಟ್‌ಕೋಕ್, ಅಂದರೆ ಕಚ್ಚಾ ತೈಲದ ಕೊನೆಯಲ್ಲಿ ಉಳಿಯುವ ಇದ್ದಿಲಿನಂಥ ವಸ್ತು ಬರುತ್ತದೆ. ಅದರಲ್ಲಿ ಬೂದಿಯೇ ಇಲ್ಲದಷ್ಟು ಕಡಿಮೆ. ಅದನ್ನು ಬೆರೆಸಿದರೆ ಸಮಸ್ಯೆ ಮುಗಿಯುತ್ತದಾ?

ಕುಳಾಯಿ ಕೆಮಿಕಲ್:

ಸುಣ್ಣ ಹಾಕಬಹುದು, ಆದರೆ ಲೆಕ್ಕ ಹಾಕಿ ನೋಡಿ. ಬೂದಿಯಲ್ಲಿ ಸುಣ್ಣ 20 ಪರ್ಸೆಂಟ್ ಆಗಬೇಕು ಅಂತ ಗುರಿ ಇಟ್ಟುಕೊಳ್ಳೋಣ. ನೂರು ಕೆ.ಜಿ. ಕಲ್ಲಿದ್ದಲಿನಲ್ಲಿ 38 ಕೆ.ಜಿ. ಬೂದಿ. ಅದಕ್ಕೆ ಇನ್ನೂ ಎಂಟೂವರೆ ಕೆ.ಜಿ. ಸುಣ್ಣ ಸೇರಬೇಕು. ಸುಣ್ಣದ ಕಲ್ಲಿನಲ್ಲಿ ಸುಣ್ಣ ಇರುವುದು 56 ಪರ್ಸೆಂಟ್, ಹಾಗಾಗಿ 15 ಕೆ.ಜಿ. ಕಲ್ಲು ಹಾಕಬೇಕು. ಈಗ ಕರಗಿಸಬೇಕಾದ್ದು 46 ಕೆ.ಜಿ.! ಒಂದು ಕೆ.ಜಿ. ಸ್ಲ್ಯಾಗನ್ನು ಕರಗಿಸಿ 1500 ಡಿಗ್ರಿಗೆ ಒಯ್ಯಲು ಒಂದೂವರೆಯಿಂದ ಎರಡು ಮೆಗಾಜೂಲ್. ಸುಣ್ಣದ ಕಲ್ಲು ಒಡೆಯಲು ಕೆ.ಜಿ.ಗೆ ಇನ್ನೊಂದು ಒಂದೂಮುಕ್ಕಾಲು. ಆ ನೂರು ಕೆ.ಜಿ. ಕಲ್ಲಿದ್ದಲಿನಿಂದ ಸಿಗುವುದೇ 1600 ಮೆಗಾಜೂಲ್ ಅಂತ ಇಟ್ಟರೆ, ಸುಮಾರು ಏಳು ಪರ್ಸೆಂಟ್ ಬರೀ ಕಲ್ಲು ಕರಗಿಸಲು ಹೋಯಿತು. ಅದಕ್ಕೆ ಬೇಕಾದ ಆಕ್ಸಿಜನ್ ಬೇರೆ. ಸುಣ್ಣ ಜಾಸ್ತಿ ಹಾಕುತ್ತಾ ಹೋದರೆ ಇನ್ನೂ ಬೇಗ ಕರಗುತ್ತದೆ ಅಂತಲೂ ಇಲ್ಲ, ಒಂದು ಮಟ್ಟ ದಾಟಿದ ಮೇಲೆ ಕರಗುವ ಬಿಸಿ ವಾಪಸ್ ಏರುತ್ತದೆ.

ಪೆಟ್‌ಕೋಕ್ ಒಳ್ಳೆಯ ಯೋಚನೆ, ನಾನು ಮನಸಾರೆ ಒಪ್ಪುತ್ತೇನೆ. ಸ್ಪೇನ್‌ನ ಪುಯರ್ಟೊಲ್ಯಾನೊದಲ್ಲಿ ಇದನ್ನೇ ಮಾಡಿದ್ದರು. ಅಲ್ಲಿಯ ಕಲ್ಲಿದ್ದಲಿನಲ್ಲಿ ಬೂದಿ 40 ಪರ್ಸೆಂಟ್ ದಾಟುತ್ತಿತ್ತು. ಪೆಟ್‌ಕೋಕ್ ಅರ್ಧಕ್ಕರ್ಧ ಬೆರೆಸಿ, ಮೇಲೆ ಸ್ವಲ್ಪ ಸುಣ್ಣದ ಕಲ್ಲು ಹಾಕಿ, 2016ರಲ್ಲಿ ಮುಚ್ಚುವವರೆಗೂ ವಿದ್ಯುತ್ ಮಾಡಿದರು. ನಮ್ಮ ತಾಲ್ಚೇರ್ ಗೊಬ್ಬರ ಕಾರ್ಖಾನೆಯ ಯೋಜನೆಯೂ ಅಲ್ಲಿಯ ಕಲ್ಲಿದ್ದಲಿಗೆ ಪೆಟ್‌ಕೋಕ್ ಬೆರೆಸುವ ಲೆಕ್ಕದಲ್ಲೇ ಇರುವುದು. ಪೆಟ್‌ಕೋಕ್ ಬೂದಿಯ ಗುಣವನ್ನು ಹೆಚ್ಚೇನೂ ಬದಲಿಸುವುದಿಲ್ಲ, ಬೂದಿಯ ಪ್ರಮಾಣವನ್ನು ಇಳಿಸುತ್ತದೆ. ನೂರು ಕೆ.ಜಿ.ಗೆ ಕರಗಿಸಬೇಕಾದ್ದು ಅರ್ಧವಾಯಿತು, ಸುಣ್ಣವೂ ಅರ್ಧ ಸಾಕು. ಮೇಲಾಗಿ ಶಾಖ ಜಾಸ್ತಿ.

ಆದರೆ ವನೇಡಿಯಂ ಮೇಲೆ ಕಣ್ಣಿರಲಿ. ಪೆಟ್‌ಕೋಕ್‌ನ ಚೂರು ಬೂದಿಯಲ್ಲಿ ವನೇಡಿಯಂ, ನಿಕ್ಕಲ್ ತುಂಬಿರುತ್ತದೆ. ಗ್ಯಾಸಿಫೈಯರ್ ಒಳಗೆ ವನೇಡಿಯಂ ಟ್ರೈಆಕ್ಸೈಡ್ ಆಗಿರುತ್ತದೆ, ಅದು 1900 ಡಿಗ್ರಿಗೂ ಕರಗುವುದಿಲ್ಲ. ಪೆಟ್‌ಕೋಕ್ ಒಂದನ್ನೇ ಹಾಕಿದರೆ ಈ ಹರಳುಗಳು ಸೇರಿ ಸ್ಲ್ಯಾಗ್ ಹರಿಯದ ಹಾಗಾಗುತ್ತದೆ. ನಿಲ್ಲಿಸಿ ಬಾಗಿಲು ತೆರೆದು ಗಾಳಿ ಹೋದರೆ ತಿರುಗಾ ಉಲ್ಟಾ. ಅದೇ ವನೇಡಿಯಂ ಪೆಂಟಾಕ್ಸೈಡ್ ಆಗಿ 700 ಡಿಗ್ರಿಗೂ ಮೊದಲೇ ಕರಗಿ ಇಟ್ಟಿಗೆ ತಿನ್ನುತ್ತದೆ. ಜೆಪ್ಪುವಿನವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಜೆಪ್ಪು ಇಟ್ಟಿಗೆ:

ಹೌದು, ಬಿಸಿ ಇರುವಾಗಲೇ ಗಾಳಿ ಬಿಡಬಾರದು. ನೈಟ್ರೋಜನ್ ಬಿಟ್ಟು ಇಳಿಸಿಕೊಂಡು ಬಂದರೆ ಇಟ್ಟಿಗೆ ಉಳಿಯುತ್ತದೆ.

ಮಣಿಪಾಲ ಮಣ್ಣು:

ಇಷ್ಟೆಲ್ಲ ಓದಿದ ಮೇಲೆ ನಾನು ಒಂದು ಮಾತು ಹೇಳಲೇಬೇಕು. ನಮ್ಮ ದೇಶದ ಕಲ್ಲಿದ್ದಲಿಗೆ ಬೂದಿ ಕರಗಿಸುವ ದಾರಿಯೇ ಯಾಕೆ ಬೇಕು? ಬೂದಿ ಕರಗದ ಕಲ್ಲಿದ್ದಲು ಅಂದರೆ ಬೂದಿ ಕರಗಿಸದೆ ನಡೆಸುವ ರಿಯಾಕ್ಟರ್‌ಗೆ ಹೇಳಿ ಮಾಡಿಸಿದ್ದು. ಫ್ಲೂಯಿಡೈಸ್ಡ್ ಬೆಡ್‌ನಲ್ಲಿ, ಅಂದರೆ ಕೆಳಗಿನಿಂದ ಗಾಳಿ ಊದಿ ಕಣಗಳನ್ನು ಕುದಿಯುವ ಹಾಗೆ ತೇಲಿಸುವ ರಿಯಾಕ್ಟರ್‌ನಲ್ಲಿ, 1000 ಡಿಗ್ರಿ ಆಸುಪಾಸಿನಲ್ಲೇ ಕೆಲಸ. ನಿಮ್ಮ 1500ಕ್ಕೂ ಹರಿಯದ ಬೂದಿ ಅಲ್ಲಿ ದೋಷವಲ್ಲ, ಗುಣ. ಅಲ್ಲಿ ಭಯ ಬೇಗ ಮೆತ್ತಗಾಗುವ ಬೂದಿಯದ್ದು, ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಯಾದರೆ ಬೆಡ್ ಕುದಿಯುವುದೇ ನಿಲ್ಲುತ್ತದೆ. ಬಿಎಚ್‌ಇಎಲ್‌ನವರು ತಿರುಚಿರಾಪಳ್ಳಿಯಲ್ಲಿ 6.2 ಮೆಗಾವ್ಯಾಟ್‌ನ ಸ್ಥಾವರ ನಡೆಸಿ ನೋಡಿದ್ದು, ಹೈದರಾಬಾದ್‌ನಲ್ಲಿ 2021ರಲ್ಲಿ ಹೆಚ್ಚು ಬೂದಿಯ ಕಲ್ಲಿದ್ದಲಿನಿಂದ ಮೆಥನಾಲ್ ಮಾಡಿ ತೋರಿಸಿದ್ದು ಎಲ್ಲ ಈ ದಾರಿಯಲ್ಲೇ. ಒಡಿಶಾದ ಅಂಗುಲ್‌ನ ಉಕ್ಕಿನ ಕಾರ್ಖಾನೆಯಲ್ಲಿ ಸ್ಪಂಜ್ ಐರನ್‌ಗೆ ಗ್ಯಾಸ್ ಮಾಡುವುದು ಲುರ್ಗಿ ಎಂಬ ಮಾದರಿಯ ಗ್ಯಾಸಿಫೈಯರ್‌ನಲ್ಲಿ, ಅಲ್ಲಿಯೂ ಹಬೆ ಜಾಸ್ತಿ ಕೊಟ್ಟು ಬೂದಿ ಕರಗದ ಹಾಗೆ ನೋಡಿಕೊಂಡು ಒಣ ಬೂದಿಯಾಗಿಯೇ ತೆಗೆಯುತ್ತಾರೆ. 2030ಕ್ಕೆ 10 ಕೋಟಿ ಟನ್ ಕಲ್ಲಿದ್ದಲು ಗ್ಯಾಸಿಫೈ ಮಾಡಬೇಕು ಅಂತ ಸರ್ಕಾರ ಗುರಿ ಇಟ್ಟಿದೆ. ಅಷ್ಟಕ್ಕೂ ಸುಣ್ಣ ಸುರಿದು ಕರಗಿಸುವುದು ನನಗೆ ಸರಿ ಕಾಣುವುದಿಲ್ಲ.

ಕುಳಾಯಿ ಕೆಮಿಕಲ್:

ಮಣಿಪಾಲದವರೇ, ನಿಮ್ಮ ಮಾತು ಬೂದಿಯ ದೃಷ್ಟಿಯಿಂದ ಸರಿ. ಆದರೆ 1000 ಡಿಗ್ರಿಯಲ್ಲಿ ಕಾರ್ಬನ್ ಪೂರಾ ಗ್ಯಾಸ್ ಆಗುವುದಿಲ್ಲ, ಬೂದಿಯ ಜೊತೆ ಸ್ವಲ್ಪ ಹೊರಗೆ ಹೋಗುತ್ತದೆ. ಲುರ್ಗಿಯಲ್ಲಿ ಟಾರ್ ಬರುತ್ತದೆ, ಅದನ್ನು ತೊಳೆದ ನೀರು ಸ್ವಚ್ಛ ಮಾಡುವುದು ದೊಡ್ಡ ತಲೆಬಿಸಿ. ಬೂದಿ ಕರಗಿಸುವ ಕಡೆ ಟಾರ್ ಇಲ್ಲ, ಕಾರ್ಬನ್ 98, 99 ಪರ್ಸೆಂಟ್ ಗ್ಯಾಸ್ ಆಗುತ್ತದೆ. ಬೂದಿ 35 ದಾಟಿದರೆ ನಿಮ್ಮ ದಾರಿ, ತೊಳೆದೋ ಪೆಟ್‌ಕೋಕ್ ಬೆರೆಸಿಯೋ 20ರ ಹತ್ತಿರ ತಂದರೆ ನನ್ನ ದಾರಿ ಅಂತ ಇಟ್ಟುಕೊಂಡರೆ ಜಗಳ ಇಲ್ಲ.

ಸುರತ್ಕಲ್‌ನವರಿಗೆ ಈಗ ಮಾಡಬೇಕಾದ್ದು. ಮೊದಲು ಎರಡೂ ಬೂದಿಯ ಆಕ್ಸೈಡ್ ಅನಾಲಿಸಿಸ್. ಆಮೇಲೆ ಒಡಿಶಾ ಬೂದಿಗೆ ಸುಣ್ಣ 10, 15, 20, 25 ಪರ್ಸೆಂಟ್ ಆಗುವ ಹಾಗೆ ಬೆರೆಸಿ ನಾಲ್ಕು ಕೋನ್ ಇಡಿ, ಎಲ್ಲಿ ಇಳಿಯುತ್ತದೆ, ಎಲ್ಲಿ ತಿರುಗುತ್ತದೆ ಗೊತ್ತಾಗುತ್ತದೆ. ಕಾಲೇಜಿನಲ್ಲಿ ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟ್ ಇಲ್ಲದಿದ್ದರೆ ಮರುವಾಯಿ ಚಿಪ್ಪು ಚೆನ್ನಾಗಿ ತೊಳೆದು ಒಣಗಿಸಿ ಅರೆದರೂ ನಡೆಯುತ್ತದೆ, ಅದು ಬಹುಪಾಲು ಅದೇ. ವಿಸ್ಕಾಸಿಟಿ ಅಳೆಯುವಾಗ ಬಿಸಿ ಮಾಡುತ್ತಾ ಅಲ್ಲ, ಪೂರಾ ಕರಗಿಸಿ ನಿಧಾನಕ್ಕೆ ತಣ್ಣಗೆ ಮಾಡುತ್ತಾ ಅಳೆಯಲು ಹೇಳಿ, ಹರಳು ಹುಟ್ಟುವ ಹಂತ ಆಗ ಮಾತ್ರ ಕಾಣುತ್ತದೆ. ಕ್ರೂಸಿಬಲ್ ಅಲ್ಯೂಮಿನಾದ್ದಾದರೆ ಟೆಸ್ಟ್ ಮುಗಿದ ಮೇಲೆ ಸ್ಲ್ಯಾಗನ್ನು ಇನ್ನೊಮ್ಮೆ ಅನಾಲಿಸಿಸ್ ಮಾಡಿಸಿ, ಕ್ರೂಸಿಬಲ್ ಕರಗಿ ಒಳಗೆ ಸೇರಿದ್ದರೆ ಅಲ್ಯೂಮಿನಾ ಏರಿರುತ್ತದೆ. ರಿಸಲ್ಟ್ ಬಂದ ಮೇಲೆ ಇಲ್ಲೇ ಹಾಕಿ, ಟಿ 250 ಒಟ್ಟಿಗೆ ನೋಡೋಣ.